ಕೆಲಸ ಅಂತ ಬಾಯಿಬಿಟ್ಟು ಹೇಳದ ಕೆಲಸ

ವಿಮರ್ಶೆ ಅಂದ್ರೆ ಸಿನಿಮಾದ್ದೋ ಪುಸ್ತಕದ್ದೋ ಇರುತ್ತೆ. ಈ ಸಲ ನಾನು ಎತ್ತಿಕೊಂಡಿರೋದು ಒಂದು ಸರ್ಕಾರಿ ಫಾರಂ. ಅದರ ಹೆಸರು ಐ-983. ಅಮೆರಿಕದಲ್ಲಿ ಎಂಎಸ್ ಮುಗಿಸಿದ ನಮ್ಮ ಹುಡುಗ ಹುಡುಗಿಯರು ಅಲ್ಲೇ ಕೆಲಸ ಮುಂದುವರಿಸೋಕೆ ತುಂಬುವ ಫಾರಂ ಇದು. ನನ್ನ ಜೊತೆ ಬಿಇ ಓದಿದ ಹಲವರು ತುಂಬಿದ್ದಾರೆ. ಕೂತು ಓದಿದವರು ಮಾತ್ರ ನನಗಿನ್ನೂ ಸಿಕ್ಕಿಲ್ಲ.

ಮೊದಲು ಸ್ವಲ್ಪ ಹಿನ್ನೆಲೆ. ಎಫ್-1 ವೀಸಾದಲ್ಲಿ ಓದಿದವರಿಗೆ ಡಿಗ್ರಿ ಆದಮೇಲೆ 12 ತಿಂಗಳು ದುಡಿಯೋ ಅನುಮತಿ ಸಿಗುತ್ತೆ. ಅದೇ ಓಪಿಟಿ, ಅಂದ್ರೆ ಆಪ್ಷನಲ್ ಪ್ರಾಕ್ಟಿಕಲ್ ಟ್ರೇನಿಂಗ್. ವಿಜ್ಞಾನ, ಎಂಜಿನಿಯರಿಂಗ್, ಗಣಿತದಂಥ ವಿಷಯ ಓದಿದವರಿಗೆ ಇನ್ನೂ 24 ತಿಂಗಳು. ಕನ್ಸಲ್ಟೆನ್ಸಿಯವರ ಬಾಯಲ್ಲಿ ಇದೆಲ್ಲ ಸೇರಿ 'ಮೂರು ವರ್ಷ ಕೆಲಸ' ಆಗಿಬಿಡುತ್ತೆ. ನಿಜಕ್ಕೂ ಅದು ಎರಡು ಕಂತು, ಎರಡನೆಯದಕ್ಕೆ ಷರತ್ತುಗಳು ಬೇರೆ. ನಮ್ಮ ಐ-983 ಬರೋದು ಆ ಎರಡನೇ ಕಂತಿಗೆ.

ಫಾರಂ ಏನು ಕೇಳುತ್ತೆ ನೋಡಿ. ಕಲಿಕೆಯ ಗುರಿ ಏನು? ಮೇಲ್ವಿಚಾರಣೆ ಯಾರು ಮಾಡ್ತಾರೆ? ಕಲಿತದ್ದನ್ನು ಅಳೆಯೋದು ಹೇಗೆ? ಹನ್ನೆರಡು ತಿಂಗಳಿಗೊಮ್ಮೆ ಅಭ್ಯರ್ಥಿಯೇ ತನ್ನ ಪ್ರಗತಿ ಬರೆದು ಕಂಪನಿಯ ಸಹಿ ಹಾಕಿಸಬೇಕು. ಅದೇ ಫಾರಂನಲ್ಲಿ ಸಂಬಳ ಎಷ್ಟು ಅಂತ ಬರೆಯಬೇಕು. ಇಂಥದ್ದೇ ಕೆಲಸ ಮಾಡುವ ಅಮೆರಿಕನ್ನರಿಗೆ ಕೊಡುವಷ್ಟು ಕೊಡ್ತೀವಿ, ಯಾವ ಅಮೆರಿಕನ್ ಕೆಲಸಗಾರನ ಜಾಗಕ್ಕೂ ಇವರನ್ನು ಕೂರಿಸೋದಿಲ್ಲ ಅಂತ ಕಂಪನಿ ಒಪ್ಪಿಕೊಳ್ಳಬೇಕು. ಅಂದರೆ ಈತ ಶಿಷ್ಯ, ಆದರೆ ಸಂಬಳ ಕೆಲಸಗಾರನದ್ದು, ಆದರೆ ಯಾರ ಕೆಲಸವನ್ನೂ ಮಾಡ್ತಿಲ್ಲ. ಕೋಡ್ ರಿವ್ಯೂಗೆ ಬಂದಿದ್ದರೆ ನಾನು ಮರ್ಜ್ ಮಾಡ್ತಿರಲಿಲ್ಲ.

ನಮ್ಮೂರ ಕಡೆ ಟೈಲರ್ ಅಂಗಡಿಯಲ್ಲೋ ಗ್ಯಾರೇಜಲ್ಲೋ 'ಹುಡುಗ ಇನ್ನೂ ಕೆಲಸ ಕಲೀತಿದಾನೆ' ಅನ್ನೋ ಮಾತು ಕೇಳಿರ್ತೀರಿ. ಆ ಹುಡುಗನೇ ಬೆಳಗ್ಗೆ ಬಾಗಿಲು ತೆಗೆದು ರಾತ್ರಿ ಕಸ ಗುಡಿಸೋವರೆಗೂ ದುಡೀತಿರ್ತಾನೆ. 'ಕಲೀತಿದಾನೆ' ಅನ್ನೋ ಪದ ಇರೋವರೆಗೆ ಅವನು ಏನನ್ನೂ ಕೇಳೋ ಹಾಗಿಲ್ಲ. ಅಮೆರಿಕದ 'ತರಬೇತಿ'ಯಲ್ಲಿ ಸಂಬಳ ಇರಬಹುದು, ಆದರೆ ಪದ ಮಾಡೋ ಕೆಲಸ ಅದೇ.

ಅದರ ಬೆಲೆ ಕಾಣೋದು ಕೆಲಸ ಸಿಗದಿದ್ದಾಗ. ಮೊದಲ 12 ತಿಂಗಳಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರೋ ಹಾಗಿಲ್ಲ. ಎರಡನೇ ಕಂತು ಸೇರಿದರೆ 150. ಶನಿವಾರ ಭಾನುವಾರವೂ ಲೆಕ್ಕಕ್ಕೆ ಬರುತ್ತೆ. ನಿಜವಾಗಿಯೂ ತರಬೇತಿ ಆಗಿದ್ದಿದ್ದರೆ ಕಲಿತ ದಿನಗಳನ್ನು ಎಣಿಸಬೇಕಿತ್ತು. ಇಲ್ಲಿ ಎಣಿಸೋದು ಖಾಲಿ ಕೂತ ದಿನಗಳನ್ನು. ಆ ಗಡಿಯಾರ ನಿಲ್ಲಿಸೋಕೆ ಮೊದಲ ಕಂತಿನಲ್ಲಿ ವಾರಕ್ಕೆ 20 ಗಂಟೆ ಸಂಬಳವಿಲ್ಲದ ಇಂಟರ್ನ್‌ಶಿಪ್ ಆದರೂ ನಡೆಯುತ್ತೆ. ಹಾಗಾಗಿ ಲಕ್ಷಗಟ್ಟಲೆ ಸಾಲ ಮಾಡಿ ಎಂಎಸ್ ಮಾಡಿದವರು ಬಿಟ್ಟಿ ದುಡಿಯೋಕೆ ಜಾಗ ಹುಡುಕ್ತಾರೆ.

ಸಾಲ ಅಂದೆನಲ್ಲ, ಇನ್ನೊಂದು ಗಡಿಯಾರ ಇಲ್ಲೇ ಇದೆ. ನಮ್ಮ ಎಷ್ಟೋ ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ ಕೋರ್ಸ್ ಮುಗಿದು ಒಂದು ವರ್ಷಕ್ಕೆ ಕಂತು ಶುರು. ಅಲ್ಲಿ ಓಪಿಟಿಯ ಮೊದಲ ಕಂತು ಮುಗಿಯೋ ಹೊತ್ತಿಗೆ ಇಲ್ಲಿ ಅಪ್ಪನ ಫೋನಿಗೆ ಇಎಂಐ ಮೆಸೇಜ್ ಬರುತ್ತೆ. ಸಹಿ ಹಾಕಿದ ಅಪ್ಪನಿಗೆ 90 ದಿನದ ವಿಷಯ ಯಾರೂ ಹೇಳಿರೋದಿಲ್ಲ.

ಎದುರು ಪಕ್ಷದ ಮಾತನ್ನೂ ಕೇಳಬೇಕು. ವಾಷ್‌ಟೆಕ್ ಅನ್ನೋ ಅಲ್ಲಿನ ತಂತ್ರಜ್ಞಾನ ಕೆಲಸಗಾರರ ಸಂಘ ಓಪಿಟಿ ವಿರುದ್ಧ ವರ್ಷಗಟ್ಟಲೆ ಕೋರ್ಟು ಸುತ್ತಿತು. ಅವರ ವಾದ ಪೂರ್ತಿ ತಳ್ಳಿಹಾಕುವಂಥದ್ದಲ್ಲ: ವಿದ್ಯಾರ್ಥಿ ವೀಸಾ ಇರೋದು ಓದಿಗೆ, ಓದು ಮುಗಿದವರು ವಿದ್ಯಾರ್ಥಿ ಹೇಗಾಗ್ತಾರೆ? ಮೇಲಾಗಿ ಎಫ್-1ನಲ್ಲಿರೋ ಹೆಚ್ಚಿನವರಿಗೆ ಮೊದಲ ಐದು ವರ್ಷ ಸೋಷಿಯಲ್ ಸೆಕ್ಯೂರಿಟಿ, ಮೆಡಿಕೇರ್ ತೆರಿಗೆ ಇಲ್ಲ. ಕಂಪನಿಗೂ ತನ್ನ ಪಾಲಿನ ಶೇ 7.65 ಉಳಿತಾಯ. 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಓಪಿಟಿಯನ್ನು ಎತ್ತಿಹಿಡಿಯಿತು, 2023ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣ ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಗೆದ್ದಾಯ್ತು ಅಂತ ನಮ್ಮವರು ನಿಟ್ಟುಸಿರು ಬಿಟ್ಟರು. ಆದರೆ ಓಪಿಟಿ ನಿಂತಿರೋದು ಆಡಳಿತ ಇಲಾಖೆಯ ನಿಯಮದ ಮೇಲೆ. ಅಲ್ಲಿನ ಸಂಸತ್ತು ಇದಕ್ಕಂತಲೇ ಕಾನೂನು ಮಾಡಿಲ್ಲ. ಎರಡನೇ ಕಂತು 2008ರಲ್ಲಿ 17 ತಿಂಗಳಾಗಿ ಹುಟ್ಟಿ 2016ರಲ್ಲಿ 24 ಆಗಿದ್ದು ನಿಯಮದಿಂದಲೇ. ನಿಯಮ ಕೊಟ್ಟಿದ್ದನ್ನು ಇನ್ನೊಂದು ನಿಯಮ ಕಿತ್ತುಕೊಳ್ಳಬಹುದು.

ಬ್ರಿಟನ್ 2021ರಲ್ಲಿ ತಂದ ಗ್ರಾಜುಯೇಟ್ ವೀಸಾದಲ್ಲಿ ಈ ನಾಟಕ ಇಲ್ಲ. ಕೆಲಸ ಮಾಡಿ, ಹುಡುಕಿ, ಖಾಲಿ ದಿನ ಯಾರೂ ಎಣಿಸಲ್ಲ. ಹಾಗಂತ ಅದು ಔದಾರ್ಯವೇನಲ್ಲ: ಎರಡು ವರ್ಷ ಇದ್ದದ್ದು 2027ರ ಜನವರಿ 1ರಿಂದ ಅರ್ಜಿ ಹಾಕೋ ಹೆಚ್ಚಿನವರಿಗೆ 18 ತಿಂಗಳಾಗುತ್ತೆ. ಕೊಡೋದು ಕಡಿಮೆ ಆಯ್ತು, ಆದರೆ ಏನು ಕೊಡ್ತೀವಿ ಅಂತ ನೇರ ಹೇಳ್ತಾರೆ.

ಅಮೆರಿಕವೂ ಇದನ್ನು ಕೆಲಸ ಅಂತಲೇ ಕರೆಯಲಿ. ಆಗ ಆ ದೇಶದ ಕೆಲಸಗಾರ ನೇರವಾಗಿ ಜಗಳ ಆಡಬಹುದು, ನಮ್ಮವರು ನೇರವಾಗಿ ಹಕ್ಕು ಕೇಳಬಹುದು. ಅಲ್ಲಿಯವರೆಗೆ, ತಮ್ಮನನ್ನೋ ತಂಗಿಯನ್ನೋ ಕಳಿಸೋ ಯೋಚನೆ ಇದ್ದರೆ, ಸಾಲದ ಪತ್ರದ ಜೊತೆಗೆ ಐ-983ನ್ನೂ ಡೌನ್‌ಲೋಡ್ ಮಾಡಿ. ಮನೆಯವರನ್ನೆಲ್ಲ ಕೂರಿಸಿಕೊಂಡು, ಕನ್ನಡದಲ್ಲಿ, ಸಾಲು ಸಾಲಾಗಿ ಓದಿ ಹೇಳಿ. ಸಹಿ ಆಮೇಲೆ.