ಓಡಿಸಿದವರು ಯಾರು?

ಕಂಬಳದ ಫಲಿತಾಂಶ ಪೇಪರಲ್ಲಿ ಓದಿರ್ತೀರಿ. ಮೊದಲು ಕೋಣಗಳ ಯಜಮಾನರ ಹೆಸರು, ಜೊತೆಗೇ ಇನ್ನೊಂದು ಸಾಲು: ‘ಓಡಿಸಿದವರು’. ಕೆಸರಲ್ಲಿ ಕೋಣಗಳ ಹಿಂದೆ ಓಡಿದವನ ಹೆಸರು ಅಲ್ಲಿರ್ತದೆ. ಸೈಕಲ್ ರೇಸಿನ ಪಟ್ಟಿಯಲ್ಲಿ ಆ ಎರಡನೇ ಸಾಲೇ ಇಲ್ಲ ಮಾರಾಯ್ರೆ.

ಯುರೋಪಿನ ದೊಡ್ಡ ರೇಸುಗಳಲ್ಲಿ ಒಂದು ತಂಡಕ್ಕೆ ಎಂಟು ಜನ. ಗೆಲ್ಲಬೇಕಾದವನು ಸಾಮಾನ್ಯವಾಗಿ ಒಬ್ಬನೇ. ಉಳಿದವರು ಅವನ ಮುಂದೆ ಗಾಳಿಗೆ ಎದೆ ಕೊಡುವವರು, ನೀರಿನ ಬಾಟ್ಲಿ ಹೊತ್ತು ತರುವವರು, ಅವನದ್ದು ಪಂಕ್ಚರಾದರೆ ತಮ್ಮ ಚಕ್ರ ಬಿಚ್ಚಿ ಕೊಡುವವರು. ಇವರಿಗೆ ಫ್ರೆಂಚಿನಲ್ಲಿ ‘ಡೊಮೆಸ್ಟೀಕ್’ ಅಂತಾರೆ, ಅಂದರೆ ಮನೆಯಾಳು. ಬೆಳಗ್ಗೆ ಸುರತ್ಕಲ್ ಕಡೆ ಗುಂಪಾಗಿ ತುಳಿದವರಿಗೆ ಗೊತ್ತು, ಮುಂದಿನವನ ಬೆನ್ನಿಗೆ ಅಂಟಿಕೊಂಡರೆ ಕಾಲಿಗೆಷ್ಟು ಹಗುರ ಅಂತ.

ಅಮೆರಿಕದ ಸೆಪ್ ಕುಸ್ ಅಂಥ ಒಬ್ಬ ಆಳು. 2023ರಲ್ಲಿ ಇಟಲಿಯ ಜಿರೋದಲ್ಲಿ ರೋಗ್ಲಿಚ್‌ಗಾಗಿ, ಟೂರ್ ಡಿ ಫ್ರಾನ್ಸ್‌ನಲ್ಲಿ ವಿಂಗೆಗಾರ್ಡ್‌ಗಾಗಿ ದುಡಿದ. ಇಬ್ಬರೂ ಗೆದ್ದರು. ಅದೇ ವರ್ಷ ಸ್ಪೇನಿನ ವುವೆಲ್ಟಾದಲ್ಲಿ ಅವನೇ ಗೆದ್ದ. ಇದನ್ನು ‘ನಿಷ್ಠೆಗೆ ಸಿಕ್ಕ ಫಲ’ ಅಂತ ಹೇಳುವುದುಂಟು. ನನಗೆ ಒಪ್ಪಿಗೆಯಿಲ್ಲ.

ಯಾಕೆಂದರೆ, ಸೆಪ್ಟೆಂಬರ್ 13ರಂದು ಆಂಗ್ಲಿರು ಎಂಬ ಕಡಿದಾದ ಏರಿನಲ್ಲಿ ಕೆಂಪು ಜೆರ್ಸಿ ಕುಸ್ ಮೈಮೇಲಿತ್ತು. ಅವನನ್ನು ಹಿಂದೆ ಬಿಟ್ಟು ಹೋದವರು ಅದೇ ರೋಗ್ಲಿಚ್, ಅದೇ ವಿಂಗೆಗಾರ್ಡ್! ಅವನು ಮೇಲೇರಿದ್ದು ಬೇರೆ ತಂಡದ ಮಿಕೆಲ್ ಲಂಡಾನ ಬೆನ್ನು ಹಿಡಿದು. ಉಳಿದದ್ದು 8 ಸೆಕೆಂಡಿನ ಮುನ್ನಡೆ. ಕುಸ್ ಗೆಲ್ಲಲಿ ಅಂತ ತಂಡ ತೀರ್ಮಾನಿಸಿದ್ದು ಅದಾದ ಮೇಲೆ. ಕೊನೆಗೆ ಅವನು ಗೆದ್ದದ್ದು 17 ಸೆಕೆಂಡಿನಿಂದ. ಹಿಂದಿನ ದುಡಿತ ಲೆಕ್ಕದಲ್ಲಿ ಇದ್ದಿದ್ದರೆ ಆಂಗ್ಲಿರುವಿನಲ್ಲೇ ನೆನಪಾಗಬೇಕಿತ್ತಲ್ವಾ? ಅಪ್ರೈಸಲಿನಲ್ಲಿ ‘ಒಳ್ಳೆ ಟೀಮ್ ಪ್ಲೇಯರ್’ ಅಂತ ಹೊಗಳಿಸಿಕೊಂಡು ಇಂಕ್ರಿಮೆಂಟ್ ಇಲ್ಲದೆ ಹೊರಗೆ ಬಂದವರಿಗೆ ಈ ನೆನಪಿನ ಶಕ್ತಿ ಹೊಸದೇನಲ್ಲ.

ಈ ತಪ್ಪು ನಮ್ಮೂರಲ್ಲೂ ಆಗಿದೆ. 2020ರ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಮಾಧ್ಯಮದವರು ಅದನ್ನು 100 ಮೀಟರಿಗೆ ಭಾಗಿಸಿ ‘ನಮ್ಮ ಉಸೇನ್ ಬೋಲ್ಟ್’ ಅಂದರು. ಮುಂದೆ ಎಳೆದ ಕೋಣಗಳು ಆ ಲೆಕ್ಕದಿಂದ ಮಾಯ. ನಮಗೆ ಒಂದೇ ಹೆಸರು ಬೇಕು. ಆಳು ಯಜಮಾನನಾದರೆ ಮಾತ್ರ ಅವನ ಕಥೆ ಬೇಕು.

ಗೆಲ್ಲದೇ ನಿವೃತ್ತನಾಗುವ ಆಳಿಗೆ ಮುಂದಿನ ವರ್ಷದ ಕಾಂಟ್ರಾಕ್ಟ್ ಕೇಳುವಾಗ ತೋರಿಸಲು ಪಟ್ಟಿಯಲ್ಲಿ ಏನೂ ಇರುವುದಿಲ್ಲ. ಜಿರೋ, ಟೂರ್‌ಗಳ ಫಲಿತಾಂಶದಲ್ಲೂ ಕಂಬಳದ ಹಾಗೆ ಒಂದು ಸಾಲು ಸೇರಿಸಲಿ. ಜಾಗ ಜಾಸ್ತಿ ಬೇಡ.