ಬಾನೆಟ್ ಎತ್ತಿದ ಭಾನುವಾರ

ಏಪ್ರಿಲ್ ಬಂತೆಂದರೆ ನಮ್ಮ ಮನೆ ಮುಂದಿನ ಹೊಂಗೆಮರ ರಾತ್ರಿಯೆಲ್ಲ ಹೂ ಉದುರಿಸುತ್ತದೆ. ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೆದರೆ ಕಾರಿನ ಮೈತುಂಬ ಕಡಲೆಪುರಿ ಚೆಲ್ಲಿದ ಹಾಗೆ. ಭಾನುವಾರದ ನನ್ನ ಮೊದಲ ಕೆಲಸ ಆ ಹೂವನ್ನು ಬಾಚುವುದು. ಬಾನೆಟ್ ಮೇಲಿನದು ಕೈಯಾಡಿಸಿದರೆ ಹೋಗುತ್ತದೆ. ವೈಪರ್ ಬುಡದ ಜಾಲರಿಯೊಳಗೆ ಇಳಿದದ್ದನ್ನು ಮಾತ್ರ ಎರಡು ಬೆರಳಲ್ಲಿ ಒಂದೊಂದಾಗಿ ಹೆಕ್ಕಬೇಕು. ಬಿಟ್ಟರೆ ಅಲ್ಲೇ ಕೊಳೆತು ಗೊಬ್ಬರವಾಗಿ, ಮಳೆನೀರು ಹರಿದುಹೋಗುವ ತೂತನ್ನು ಮುಚ್ಚಿ, ಜೂನ್ ಹೊತ್ತಿಗೆ ಕಾಲಡಿಯ ಮ್ಯಾಟನ್ನು ಒದ್ದೆ ಮಾಡುತ್ತದೆ. ಹೆಕ್ಕುತ್ತಾ ಕೂತರೆ ಕಾಲು ಗಂಟೆ ಹಿಡಿಯುತ್ತದೆ. ಬೆರಳ ತುದಿಗೆ ಹೊಂಗೆಯ ಕಹಿವಾಸನೆ ಅಂಟುತ್ತದೆ. ಆ ಕಾಲು ಗಂಟೆಯನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ನಮ್ಮದು 2008ರ ಆಲ್ಟೊ. ನೋಂದಣಿ ಕೆಎ-06. 796 ಸಿಸಿ, ಮೂರು ಸಿಲಿಂಡರ್, ಹನ್ನೆರಡು ಇಂಚಿನ ಪುಟ್ಟ ಚಕ್ರಗಳು. ಇದರ ಚೆಲುವನ್ನು ಹೊಗಳಿ ಯಾರೂ ಬರೆದದ್ದನ್ನು ನಾನು ಓದಿಲ್ಲ. ಆದರೆ ಇದರ ಬಾನೆಟ್ ಎತ್ತಿ, ಕಡ್ಡಿ ಊರಿ, ಬಗ್ಗಿ ನೋಡಿದರೆ ಪ್ರತಿಯೊಂದು ಭಾಗವೂ ಕೈಗೆ ಸಿಗುತ್ತದೆ. ಈಗಿನ ಕಾರುಗಳಲ್ಲಿ ಎಂಜಿನ್ನಿಗೆ ಪ್ಲಾಸ್ಟಿಕ್ ಮುಸುಕು ಹಾಕಿರುತ್ತಾರೆ. ಇಲ್ಲಿ ಸಂಸಾರವೆಲ್ಲ ಬಯಲಲ್ಲೇ ಇದೆ. ಇಲ್ಲಿ ಬ್ಯಾಟರಿ, ಅಲ್ಲಿ ರೇಡಿಯೇಟರ್, ಮಧ್ಯೆ ಡಿಪ್‌ಸ್ಟಿಕ್ಕಿನ ಬಳೆ.

ಡಿಪ್‌ಸ್ಟಿಕ್ ಎಳೆಯುವುದು ಒಂದು ಸುಖ. ಗಾಡಿ ಸಮತಟ್ಟಾಗಿ ನಿಂತಿರಬೇಕು, ಎಂಜಿನ್ ತಣ್ಣಗಿರಬೇಕು. ಒಮ್ಮೆ ಎಳೆದು ಹಳೇ ಬನಿಯನ್ ತುಂಡಿನಲ್ಲಿ ಒರೆಸಿ, ಮತ್ತೆ ಪೂರ್ತಿ ಇಳಿಸಿ, ಮೆಲ್ಲಗೆ ಎತ್ತಬೇಕು. ಎರಡು ಗುರುತಿನ ನಡುವೆ ಆಯಿಲ್ ನಿಂತಿರುವುದು ಕಾಣುತ್ತದೆ. ಬದಲಾಯಿಸಿದ ವಾರ ಅದು ಬಿಸಿಲಿಗೆ ಹಿಡಿದ ಜೇನು. ಎರಡು ತಿಂಗಳಿಗೆ ಜೋನಿಬೆಲ್ಲ. ಆಮೇಲೆ ಕಾಫಿ ಡಿಕಾಕ್ಷನ್. ಎರಡು ಬೆರಳ ನಡುವೆ ಒಂದು ಹನಿ ಉಜ್ಜಿದರೆ ನುಣುಪು ಉಳಿದಿದೆಯೋ, ತರಿ ಸೇರಿದೆಯೋ ತಿಳಿಯುತ್ತದೆ. ಕಪ್ಪಾದ ಮಾತ್ರಕ್ಕೆ ಆಯಿಲ್ ಕೆಟ್ಟಿತೆಂದಲ್ಲ, ಎಂಜಿನ್ನಿನ ಮಸಿಯನ್ನು ಅದು ತನ್ನ ಮೈಮೇಲೆ ತೆಗೆದುಕೊಂಡಿದೆ ಎಂದರ್ಥ. ಹಾಲು ಬೆರೆತ ಕಾಫಿಯ ಬಣ್ಣ ಕಂಡರೆ ಮಾತ್ರ ಎದೆ ಝಲ್ಲೆನ್ನಬೇಕು, ಒಳಗೆ ನೀರು ಸೇರಿದೆ ಎಂದು ಅದರ ಸೂಚನೆ.

ನನಗೆ ಪಾನಾ ಹಿಡಿಯಲು ಕಲಿಸಿದವರು ಎಚ್‌ಎಂಟಿಯಲ್ಲಿ ಕೈಗಡಿಯಾರ ಜೋಡಿಸುತ್ತಿದ್ದ ಪಕ್ಕದ ಮನೆಯ ಹಿರಿಯರು. ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆ 1978ರಲ್ಲಿ ಶುರುವಾಯಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನೇ ಮುಚ್ಚುವ ತೀರ್ಮಾನ ದಿಲ್ಲಿಯಲ್ಲಾಯಿತು. ಕಾರ್ಖಾನೆಯ ಜಾಗ ಈಗ ಇಸ್ರೋ ಪಾಲಿಗಿದೆ. ಆದರೆ ಆ ಕಾರ್ಖಾನೆ ಕಲಿಸಿದ ಕೈಗಳು ಈ ಊರಿನ ಬೀದಿಬೀದಿಯಲ್ಲಿ ಇನ್ನೂ ಇವೆ. ಸಾಸಿವೆಗಿಂತ ಚಿಕ್ಕ ತಿರುಪನ್ನು ಚಿಮಟದಲ್ಲಿ ಎತ್ತಿ ಕೂರಿಸಿದ ಕೈ ಸ್ಪಾರ್ಕ್ ಪ್ಲಗ್ ಹಿಡಿದರೆ ಹೇಗಿರುತ್ತದೆ ನೋಡಬೇಕು. ಅವರು ಮೊದಲಿಗೆ ಪಾನಾ ಮುಟ್ಟುವುದೇ ಇಲ್ಲ. ಪ್ಲಗ್ಗನ್ನು ಬೆರಳಲ್ಲೇ ಎಳೆಗೆ ಕೂರಿಸಿ, ತಾನಾಗಿ ತಿರುಗುವಷ್ಟು ತಿರುಗಿಸುತ್ತಾರೆ. ಒಂಚೂರು ತಡೆ ಬಂದರೂ ವಾಪಸ್ ಬಿಚ್ಚಿ ಮತ್ತೆ ಶುರುಮಾಡುತ್ತಾರೆ. ತಲೆಭಾಗ ಅಲ್ಯುಮಿನಿಯಂ, ಎಳೆ ಒಮ್ಮೆ ಸವೆದರೆ ಅಲ್ಲಿಗೆ ಮುಗಿಯಿತು. ವಾಷರ್ ಇರುವ ಹೊಸ ಪ್ಲಗ್ಗಾದರೆ ಬೆರಳಿಗೆ ಬಿಗಿಯಾದ ಮೇಲೆ ಪಾನಾದಲ್ಲಿ ಸುಮಾರು ಅರ್ಧ ಸುತ್ತು, ಅಷ್ಟೇ.

ನಾನು ಮೊದಲ ಸಲ ತೋಳಿನ ಬಲವನ್ನೆಲ್ಲ ಹಾಕಲು ಹೋದಾಗ ಅವರು ನನ್ನ ಮಣಿಕಟ್ಟು ಹಿಡಿದರು.

'ತೋಳಿಂದ ಬಿಗಿ ಮಾಡ್ಬೇಡ ಕಣಪ್ಪಾ. ಬೆರಳು ಸಾಕು ಅಂತದಲ್ಲ, ಆಗ ನಿಲ್ಸು.'

ಬೆರಳು ಸಾಕು ಅನ್ನುವುದನ್ನು ಕೇಳಿಸಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು. ಈಗ ಕೇಳಿಸುತ್ತದೆ. ಬಿಚ್ಚಿದ ಹಳೆಯ ಪ್ಲಗ್ಗುಗಳನ್ನು ಮೂರನ್ನೂ ಪೇಪರಿನ ಮೇಲೆ ಸಾಲಾಗಿ ಇಟ್ಟು ನೋಡುವುದನ್ನೂ ಅವರೇ ಕಲಿಸಿದ್ದು. ತುದಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಒಲೆ ಹದವಾಗಿ ಉರಿದಿದೆ. ಒಣಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಎಣ್ಣೆಯ ಜಿಡ್ಡಿದ್ದರೆ ಒಳಗೆಲ್ಲೋ ಆಯಿಲ್ ಸೋರುತ್ತಿದೆ. ವೈದ್ಯರು ನಾಲಿಗೆ ನೋಡಿದ ಹಾಗೆ.

ಬ್ಯಾಟರಿಯ ಟರ್ಮಿನಲ್ಲಿನ ಮೇಲೆ ಕಟ್ಟುವ ಬೂಷ್ಟು ಕೂಡ ನೋಡಲು ಚಂದ, ಒಪ್ಪಿಕೊಳ್ಳಬೇಕು. ಸೀಸದ ಕಡೆ ಬಿಳಿ, ತಾಮ್ರ ಇರುವ ಕಡೆ ನವಿಲು ಕತ್ತಿನ ನೀಲಿಹಸಿರು. ಆದರೆ ಬೆಳಗಿನ ಚಳಿಯಲ್ಲಿ ಸೆಲ್ಫ್ ಹೊಡೆದಾಗ 'ಕಟ್' ಎಂದು ನಿಂತುಹೋಗುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಹಾಕುವಾಗ ಮೈನಸ್ ಕೊನೆಗೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡ ಕಲಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಹಚ್ಚಿದರೆ, ಆಮ್ಲವೂ ಸೋಡವೂ ಕೂಡಿ ಬುಸ್ಸೆಂದು ನೊರೆ ಏಳುತ್ತದೆ. ನೊರೆ ಅಡಗಿದ ಮೇಲೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಸೀಸದ ಬೂದುಹೊಳಪು ಮೇಲೇಳುತ್ತದೆ. ಕ್ಲ್ಯಾಂಪ್ ಬಿಗಿ ಮಾಡಿ ಮೇಲೊಂದಿಷ್ಟು ವ್ಯಾಸಲೀನ್ ಸವರಿದರೆ ಮುಗಿಯಿತು. ಮರುಕ್ಷಣ ಕೀ ತಿರುಗಿಸಿದಾಗ ಎಂಜಿನ್ ಒಂದೇ ಉಸಿರಿಗೆ ಎದ್ದು ಕೂರುವ ಸದ್ದು, ಆಹಾ, ಅದಕ್ಕಾಗಿಯೇ ಇಷ್ಟೆಲ್ಲ.

ಗುಬ್ಬಿಗೆ ಹೋಗಿ ಬಂದ ವಾರ ಏರ್ ಫಿಲ್ಟರ್ ನೋಡಲೇಬೇಕು. ತುಮಕೂರಿನಿಂದ ಗುಬ್ಬಿಗೆ ಇಪ್ಪತ್ತೇ ಕಿಲೋಮೀಟರ್, ರಸ್ತೆಯೂ ಒಳ್ಳೆಯದು. ಆದರೆ ಹೆದ್ದಾರಿ ಬಿಟ್ಟು ಅಕ್ಕನ ತೋಟದ ದಾರಿ ಹಿಡಿದ ಮೇಲೆ ಮುಂದಿನದೆಲ್ಲ ಕೆಮ್ಮಣ್ಣು. ಫಿಲ್ಟರಿನ ಡಬ್ಬಿಯ ಕ್ಲಿಪ್ಪುಗಳನ್ನು ಬಿಚ್ಚಿ ಕಾಗದದ ಮಡಿಕೆಗಳನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿದರೆ ಗುಬ್ಬಿಯ ಮಣ್ಣು ನಮ್ಮನೆ ಅಂಗಳಕ್ಕೆ ಉದುರುತ್ತದೆ. ಜೊತೆಗೆ ಅಡಿಕೆ ಸಿಪ್ಪೆಯ ಒಂದೆರಡು ಎಳೆ, ತೆಂಗಿನ ನಾರಿನ ಚೂರು. ಯಾವ ದಾರಿಯಲ್ಲಿ ಉಸಿರಾಡಿದ್ದೇವೆ ಎಂಬುದರ ದಿನಚರಿ ಆ ಮಡಿಕೆಗಳಲ್ಲಿದೆ. ಕುಟ್ಟಿದರೂ ಮಡಿಕೆಯ ಆಚೆಯಿಂದ ಬೆಳಕು ಕಾಣದಿದ್ದರೆ ಹೊಸದು ಹಾಕುವುದೇ ಸರಿ. ನೀರಲ್ಲಿ ತೊಳೆಯುವ ಜಿಪುಣತನ ಕಾಗದದ ಫಿಲ್ಟರಿಗೆ ಸಲ್ಲದು.

ತೋಟದ ಮನೆಯಲ್ಲಿ ಎರಡು ರಾತ್ರಿ ಗಾಡಿ ನಿಂತರೆ ಇಲಿಗಳು ಬಾನೆಟ್ಟಿನೊಳಗೆ ಮನೆ ಹೂಡುತ್ತವೆ. ಅಡಿಕೆ, ಕೊಬ್ಬರಿ ತುಂಬಿದ ಅಟ್ಟದ ಪಕ್ಕವೇ ನಿಲ್ಲಿಸಿದ ಮೇಲೆ ಇನ್ನೇನಾಗುತ್ತದೆ? ಭಾವ ಹೇಳಿಕೊಟ್ಟ ಉಪಾಯ ಹೊಗೆಸೊಪ್ಪಿನ ಕಟ್ಟು. ವೈರಿನ ಹತ್ತಿರ ಕಟ್ಟುತ್ತೇನೆ, ಬಿಸಿಯಾಗುವ ಸೈಲೆನ್ಸರ್ ಕೊಳವೆಯಿಂದ ದೂರ. ಅದರ ಘಾಟು ವಾರಗಟ್ಟಲೆ ಎಂಜಿನ್ನಿನ ಶಾಖದಲ್ಲಿ ಹದವಾಗಿ ಏಳುತ್ತದೆ. ಬಾನೆಟ್ ಎತ್ತಿದಾಗ ಬರುವ ಆ ಪರಿಮಳ ನನಗೀಗ ಗುಬ್ಬಿಯದೇ ಪರಿಮಳ.

ಗುಬ್ಬಿ ಎಂದಾಗ ಇನ್ನೊಂದು ನೆನಪಾಗುತ್ತದೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ವೀರಣ್ಣನವರ ಕಾಲದಲ್ಲಿ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದಿತ್ತು. ಮುಂದೆ ಕೂತವರಿಗೆ ಆನೆ ಕಾಣುತ್ತದೆ. ಪರದೆಯ ಹಗ್ಗ ಎಳೆಯುವವನ ಅಂಗೈ ಕಾಣುವುದಿಲ್ಲ. ಬಾನೆಟ್ ಎತ್ತುವುದೆಂದರೆ ನನ್ನ ಪಾಲಿಗೆ ಆ ಪರದೆಯ ಹಿಂದಕ್ಕೆ ಹೋಗಿ ನಿಲ್ಲುವುದು.

ಫ್ಯೂಸ್ ಡಬ್ಬಿಯ ಬಗ್ಗೆ ಒಂದು ಮಾತು. ಮುಚ್ಚಳ ತೆಗೆದರೆ ಜಾತ್ರೆಯ ಪೆಪ್ಪರಮೆಂಟು ಜೋಡಿಸಿದಂತೆ: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಹಾರ್ನ್ ಸತ್ತರೆ ಅದರ ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದು, ಒಳಗಿನ ತಂತಿ ಕಡಿದಿದೆಯೇ ನೋಡಿ, ಅದೇ ಬಣ್ಣದ್ದನ್ನೇ ಹಾಕುವುದು. ನೀಲಿಯ ಜಾಗಕ್ಕೆ ಹಸಿರು ಹಾಕಿದರೆ ಫ್ಯೂಸಿನ ಬದಲು ವೈರೇ ಉರಿದೀತು.

ತೊಳೆಯುವ ವಿಚಾರದಲ್ಲಿ ನನ್ನ ಗುರುಗಳು ಕುಣಿಗಲ್ಲಿನವರು. ಗೂಳೂರು, ಹೆಬ್ಬೂರು ದಾಟಿ ಕುಣಿಗಲ್ ಮುಟ್ಟಿದರೆ ಅಲ್ಲಿ ಟಿಪ್ಪುವಿನ ಸೈನ್ಯಕ್ಕೆ ಕುದುರೆ ಬೆಳೆಸಲೆಂದು ಶುರುವಾದ ಕುದುರೆ ಫಾರ್ಮು. ಅಲ್ಲಿ ಕೆಲಸ ಮಾಡಿದ್ದ ನಮ್ಮ ಸಂಬಂಧಿಕರೊಬ್ಬರು ಕುದುರೆಯ ಮೈ ತಿಕ್ಕುವ ಬಗೆಯನ್ನು ಕೈಯಾಡಿಸಿ ತೋರಿಸುತ್ತಿದ್ದರು. ಮೇಲಿಂದ ಕೆಳಕ್ಕೆ, ಕೂದಲು ಮಲಗಿದ ದಿಕ್ಕಿಗೆ, ಒಂದು ಕೈ ಉಜ್ಜುತ್ತಿದ್ದರೆ ಇನ್ನೊಂದು ಕೈ ಸದಾ ಮೈಮೇಲೆ. 'ಎಲ್ಲಿ ಊದೈತೆ, ಎಲ್ಲಿ ನೋವೈತೆ ಅನ್ನೋದು ಅಂಗೈಗೇ ತಿಳೀಬೇಕು' ಎನ್ನುತ್ತಿದ್ದರು. ಕಾರಿಗೂ ಅದೇ ನಡೆ. ಮೊದಲು ಬರೀ ನೀರು ಹುಯ್ದು ಧೂಳಿಳಿಸಬೇಕು. ಒಣಧೂಳಿನ ಮೇಲೆ ಬಟ್ಟೆ ಎಳೆದರೆ ಬಣ್ಣಕ್ಕೆ ಉಪ್ಪುಕಾಗದ ಉಜ್ಜಿದಂತೆ. ಆಮೇಲೆ ಮೇಲ್ಛಾವಣಿಯಿಂದ ಕೆಳಕ್ಕೆ. ಬಾಗಿಲ ಅಂಚಿನಡಿ ನೀರಿಳಿಯುವ ಸಣ್ಣ ತೂತುಗಳಿವೆ. ಅವುಗಳೊಳಗೆ ಕಡ್ಡಿಯಾಡಿಸಿದರೆ ಕೆಸರುನೀರು ಪಿಳಕ್ಕನೆ ಹೊರಬೀಳುತ್ತದೆ. ಬಾಗಿಲು ಒಳಗಿನಿಂದ ತುಕ್ಕು ಹಿಡಿಯುವುದು ಈ ತೂತು ಕಟ್ಟಿಕೊಂಡಾಗಲೇ.

ನಮ್ಮ ಬೋರ್‌ವೆಲ್ ನೀರು ಗಡಸು. ಬಿಸಿಲಲ್ಲಿ ಹಾಗೇ ಆರಲು ಬಿಟ್ಟರೆ ಮೈತುಂಬ ಸುಣ್ಣದ ಚುಕ್ಕೆ. ಆದ್ದರಿಂದ ನೆರಳಲ್ಲಿ ತೊಳೆದು ಕೂಡಲೇ ಒರೆಸುತ್ತೇನೆ. ರೇಡಿಯೇಟರಿಗಂತೂ ಆ ನೀರು ತೋರಿಸುವುದಿಲ್ಲ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಮಾತ್ರ, ಅದೂ ಎಂಜಿನ್ ಪೂರ್ತಿ ತಣಿದ ಮೇಲೆ. ಆಯುಧಪೂಜೆಯ ದಿನ ನಾಲ್ಕು ಚಕ್ರದಡಿ ನಿಂಬೆಹಣ್ಣು, ಬಾನೆಟ್ ಮೇಲೆ ಸೇವಂತಿಗೆ, ಎಲ್ಲವೂ ಸರಿ. ಕುಂಕುಮವನ್ನು ಮಾತ್ರ ನಾವು ಗಾಜಿಗೆ ಇಡುತ್ತೇವೆ. ಬಣ್ಣದ ಮೇಲೆ ಅದರ ಕಲೆ ಉಳಿದುಬಿಡುತ್ತದೆ.

ಅಲಂಕಾರದ ಸಾಮಾನುಗಳಲ್ಲಿ ನನಗೆ ಪ್ರೀತಿಯವು ಕೆಲವೇ. ಸೀಟಿನ ಮೇಲೊಂದು ಟರ್ಕಿ ಟವೆಲ್. ಬೇಸಗೆಯಲ್ಲಿ ಬೆನ್ನಿಗೆ ಅದರಷ್ಟು ಹಿತವಾದದ್ದು ಯಾವ ರೆಕ್ಸಿನ್ ಕವರೂ ಅಲ್ಲ. ಅಂಚು ಎತ್ತರವಿರುವ ರಬ್ಬರ್ ಮ್ಯಾಟು. ಟೈರಿನ ಗಾಳಿ ಅಳೆಯುವ ಪೆನ್ನಿನಂಥ ಗೇಜು. ಬೆಳಿಗ್ಗೆ ಟೈರ್ ತಣ್ಣಗಿರುವಾಗ ಅದನ್ನು ಒತ್ತಿದರೆ 'ಚುಸ್' ಎಂದು ಕಡ್ಡಿ ಹೊರಬಂದು ಅಂಕಿ ತೋರಿಸುತ್ತದೆ. ಸ್ಟೆಪ್ನಿಯದನ್ನೂ ನೋಡಬೇಕು, ಎಲ್ಲರೂ ಮರೆಯುವುದು ಅದನ್ನೇ. ಮುಂದಿನ ಬಂಪರಿಗೆ ಕಬ್ಬಿಣದ ಗಾರ್ಡ್ ಹಾಕಿಸುವುದು ನನಗೆ ಒಪ್ಪಿಗೆಯಿಲ್ಲ. ಗುದ್ದಿದ ಪೆಟ್ಟನ್ನು ನುಂಗಬೇಕಾದ ತಗಡು ನುಂಗದೆ ಚಾಸಿಗೆ ದಾಟಿಸುತ್ತದೆ, ಎದುರು ನಡೆದುಬರುವವರಿಗೂ ಅಪಾಯ. ಎದುರಿನವರ ಕಣ್ಣು ಕುಕ್ಕುವ ಬೆಳ್ಳನೆಯ ಲೈಟೂ ಬೇಡ. ಹೆಡ್‌ಲೈಟಿನ ಮಸುಕಾದ ಗಾಜನ್ನು ಉಜ್ಜಿ ತಿಳಿಯಾಗಿಸಿ, ಕಂಪನಿ ಹೇಳಿದ ಅಳತೆಯ ಬಲ್ಬನ್ನೇ ಹಾಕಿದರೆ ಹೆಬ್ಬೂರಿನ ಕತ್ತಲ ರಸ್ತೆಗೆ ಸಾಕಷ್ಟು ಬೆಳಕಾಗುತ್ತದೆ. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡಿದ್ದ ಕಡೆ ಕಾವು ಏರಿ ಬೇಗ ಸುಟ್ಟುಹೋಗುತ್ತದೆ.

ಬ್ರೇಕಿಗೆ ನಾನು ಕೈ ಹಾಕುವುದಿಲ್ಲ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೂ ತೂರುವುದಿಲ್ಲ. ಅದೆಲ್ಲ ಗ್ಯಾರೇಜಿನ ಮೇಸ್ತ್ರಿಯ ಪಾಲು. ಆದರೆ ಸಾಮಾನು ತರಲು ಬಿ.ಎಚ್. ರಸ್ತೆಗೆ ನಾನೇ ಹೋಗುತ್ತೇನೆ. ಸ್ಪೇರ್ ಪಾರ್ಟ್ಸ್ ಅಂಗಡಿಯ ಹೊಸ ರಬ್ಬರಿನ, ಗ್ರೀಸಿನ, ರಟ್ಟಿನ ಡಬ್ಬಿಯ ವಾಸನೆ ನನಗೆ ಪುಸ್ತಕದಂಗಡಿಯ ವಾಸನೆಯಷ್ಟೇ ಪ್ರಿಯ. ಹಳೆಯ ವೈಪರ್ ರಬ್ಬರನ್ನು ಕೌಂಟರ್ ಮೇಲಿಟ್ಟರೆ ಅಂಗಡಿಯವರು ಬಾಯಲ್ಲಿ ಏನೂ ಕೇಳದೆ, ಗೇಣು ಹಾಕಿ ನೋಡಿ, ಒಳಗೆ ಹೋಗಿ ಸರಿಯಾದದ್ದನ್ನೇ ತರುತ್ತಾರೆ.

ಹೋದ ದೀಪಾವಳಿಯ ನಂತರ ಗಾಡಿಯಲ್ಲೊಂದು ಸದ್ದು ಹುಟ್ಟಿಕೊಂಡಿತು. ಟಕ್, ಟಕ್, ಟಕ್. ಗುಂಡಿಯಲ್ಲಿ ಅಲ್ಲ, ಒರಟು ಡಾಂಬರಿನ ಮೇಲೆ ಮಾತ್ರ, ಮೂವತ್ತರಿಂದ ನಲವತ್ತರ ವೇಗದಲ್ಲಿ ಮಾತ್ರ. ಡಿಕ್ಕಿ ಖಾಲಿ ಮಾಡಿದೆ, ಜಾಕಿಗೆ ಗೋಣಿಚೀಲ ಸುತ್ತಿದೆ, ನಂಬರ್ ಪ್ಲೇಟಿನ ಹಿಂದೆ ಸ್ಪಂಜು ಇಟ್ಟೆ. ಸದ್ದು ಹೋಗಲಿಲ್ಲ. ಕಡೆಗೆ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಕುಣಿಗಲ್ ರಸ್ತೆ ಹಿಡಿದೆ. ನಾನು ನಿಧಾನ ಓಡಿಸುವುದು, ಅವಳು ಒಂದೊಂದೇ ಜಾಗವನ್ನು ಅಂಗೈಯಿಂದ ಒತ್ತಿಹಿಡಿಯುವುದು. ಬಾಗಿಲು ಒತ್ತಿದಳು, ಟಕ್. ಗಾಜು ಒತ್ತಿದಳು, ಟಕ್. ಹಿಂದಿನ ಹಲಗೆ, ಬೆಲ್ಟಿನ ಕೊಂಡಿ, ಟಕ್, ಟಕ್. ಗೂಳೂರು ದಾಟಿದ ಮೇಲೆ ಇದ್ದಕ್ಕಿದ್ದಂತೆ ಸದ್ದು ನಿಂತಿತು.

'ಅಪ್ಪಾ, ಸೀಟಿನ ಬೆನ್ನು ಒತ್ತಿದೀನಿ. ಬಿಡ್ಲಾ?'

ಬಿಟ್ಟಳು, ಟಕ್. ಒತ್ತಿದಳು, ಇಲ್ಲ.

ಹುಣಸೆಮರದಡಿ ಗಾಡಿ ನಿಲ್ಲಿಸಿ ಸೀಟು ಮಡಚಿ ನೋಡಿದೆವು. ಸೀಟಿನ ಬೆನ್ನು ಕಚ್ಚಿಕೊಳ್ಳುವ ಕಬ್ಬಿಣದ ಬಳೆಯ ಮೇಲಿನ ತೆಳು ಪ್ಲಾಸ್ಟಿಕ್ ಪದರ ಸವೆದಿತ್ತು. ಬಳೆಗೂ ಕೊಕ್ಕೆಗೂ ನಡುವೆ ಒಂದು ಕೂದಲೆಳೆಯಷ್ಟು ಸಡಿಲ, ಅಷ್ಟೇ. ಡ್ಯಾಶ್‌ಬೋರ್ಡಿನಲ್ಲಿದ್ದ ಬಟ್ಟೆ ಟೇಪನ್ನು ಮಗಳೇ ಮೂರು ಸುತ್ತು ಸುತ್ತಿ, ಉಗುರಿನಿಂದ ಅಂಚು ಒತ್ತಿದಳು. ಸೀಟು ಎತ್ತಿ ತಳ್ಳಿದಾಗ ಮೊದಲಿನ ಖಣಖಣ ಇರಲಿಲ್ಲ; 'ದಪ್' ಎಂದು ಮೆತ್ತಗೆ ಕೂತಿತು.

ಮುಂದಿನ ಸೀಟಿಗೆ ಬಂದು ಬೆಲ್ಟ್ ಹಾಕಿಕೊಂಡಳು. ಹೊತ್ತು ಮುಳುಗುತ್ತಿತ್ತು. ಕಿಟಕಿ ಇಳಿಸಿ ಹೆಬ್ಬೂರಿನ ಕಡೆಗೆ ನಲವತ್ತರಲ್ಲೇ ಬಿಟ್ಟೆ. ಟೈರು ಹೊಸ ಡಾಂಬರಿನಿಂದ ಹಳೆಯದಕ್ಕೆ ದಾಟುವಾಗ ಸದ್ದು ಒಂದು ಸ್ವರ ಕೆಳಗಿಳಿಯಿತು. ಅದು ಹೀಗೆ ಇಳಿಯುತ್ತದೆಂದು ಅಷ್ಟು ದಿನ ನಮಗೆ ಕೇಳಿಸಿರಲೇ ಇಲ್ಲ. ರಾಗಿ ಹೊಲದ ಕಡೆಯಿಂದ ಯಾರೋ ಎತ್ತುಗಳನ್ನು ಕೂಗಿ ಕರೆಯುತ್ತಿದ್ದರು.