ಹಬ್ಬದ ಹಕ್ಕಿಯ ಕೂಗು

ಟರ್ಕಿ ಕೋಳಿಯ ಹೆಸರಿನ ಕಥೆ ಭಾಷಾಭ್ಯಾಸಿಗೆ ಒಳ್ಳೆಯ ವಿನೋದ. ಇಂಗ್ಲಿಷರು ಅದನ್ನು ತುರ್ಕಿಯ ಹಕ್ಕಿಯೆಂದರು. ತುರ್ಕರು ‘ಹಿಂದಿ’ ಎಂದು ನಮ್ಮ ಕಡೆ ಬೆರಳು ತೋರಿದರು. ಫ್ರೆಂಚರ ಹೆಸರಿಗೂ ‘ಇಂಡಿಯದ್ದು’ ಎಂದೇ ಅರ್ಥ. ಡಚ್ಚರ ‘ಕಾಲ್ಕೂನ್’ ಎಂಬ ಮಾತಿನಲ್ಲಿ ನಮ್ಮ ಪಡುಗಡಲ ಕಲ್ಲಿಕೋಟೆ ಅಡಗಿದೆ. ಪೋರ್ಚುಗೀಸರು ‘ಪೆರು’ ಎಂದರು. ಹಿಂದಿಯವರು ಅದನ್ನೇ ಎರವಲು ಪಡೆದರು. ನಿಜಕ್ಕೂ ಅದರ ತವರು ಇವುಗಳಲ್ಲಿ ಯಾವುದೂ ಅಲ್ಲ. ಸುಮಾರು 2000 ವರ್ಷಗಳ ಹಿಂದೆ ಮೆಕ್ಸಿಕೊದ ಜನ ಅದನ್ನು ಪಳಗಿಸಿದರು. 16ನೆಯ ಶತಮಾನದ ಮೊದಲ ದಶಕಗಳಲ್ಲಿ ಸ್ಪೇನಿನವರು ಯೂರೋಪಿಗೆ ಒಯ್ದರು.

ನಮ್ಮ ದೇಶಕ್ಕೂ ಅದು ತಡವಾಗಿ ಬಂದುದಲ್ಲ. 1612ರಲ್ಲಿ ಮುಕರ್ರಬ್ ಖಾನನು ಗೋವೆಯಿಂದ ತಂದ ವಿಚಿತ್ರ ಪ್ರಾಣಿಗಳ ನಡುವೆ ಈ ಹಕ್ಕಿಯೂ ಇದ್ದಿತು. ಜಹಾಂಗೀರನು ತನ್ನ ಆತ್ಮಕಥೆಯಲ್ಲಿ ಅದರ ತಲೆ ಕತ್ತುಗಳು ಊಸರವಳ್ಳಿಯಂತೆ ಬಣ್ಣ ಬದಲಿಸುವುದನ್ನು ಬೆರಗಿನಿಂದ ಬರೆದಿದ್ದಾನೆ. ಮನ್ಸೂರನು ಅದರ ಚಿತ್ರ ಬರೆದನು. ಆದರೂ ನಾನೂರು ವರ್ಷಗಳಲ್ಲಿ ಅದು ನಮ್ಮ ಗಾದೆಗೆ, ಹರಕೆಗೆ, ಹಾಡಿಗೆ ಇಳಿದು ಬರಲಿಲ್ಲ. ಏಕೆ? ಆ ಜಾಗದಲ್ಲಿ ಹುಂಜ ಆಗಲೇ ಕುಳಿತಿದ್ದಿತು ಎಂಬುದೇ ನನಗೆ ತೋರುವ ಉತ್ತರ. ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿ ಮನುಷ್ಯನ ಅಂಗಳಕ್ಕೆ ಬಂದು ಮೂರು ಸಾವಿರ ವರ್ಷಗಳ ಮೇಲಾಯಿತು. ನಾಟಿ ಕೋಳಿಯ ಹಳದಿ ಕಾಲಿನ ಬಣ್ಣವಂತೂ ನಮ್ಮ ದಕ್ಷಿಣದ ಬೂದು ಕಾಡುಕೋಳಿಯ ರಕ್ತದಿಂದ ಬಂದುದೆಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು.

ಹಬ್ಬದ ದಿನ ಕೊರಳೊಡ್ಡುವ ಪ್ರಾಣಿಯನ್ನು ಸಾಹಿತ್ಯ ಹೇಗೆ ಕಂಡಿದೆ ಎಂಬುದು ಇಲ್ಲಿಯ ಪ್ರಶ್ನೆ. ಕನ್ನಡದ ಉತ್ತರ ಹುಡುಕುವವರು ಮೊದಲು ತೆರೆಯಬೇಕಾದುದು 1209ರಲ್ಲಿ ಜನ್ನ ರಚಿಸಿದ ‘ಯಶೋಧರ ಚರಿತೆ’. ರಾಣಿ ಅಮೃತಮತಿ ಮಾವಟಿಗನಿಗೆ ಮನಸೋತುದನ್ನು ಕಂಡ ಯಶೋಧರನು ತಾಯಿಗೆ ಅದನ್ನು ಕೆಟ್ಟ ಕನಸೆಂದು ಮರೆಸಿ ಹೇಳುತ್ತಾನೆ. ದೋಷ ಕಳೆಯಲು ಬಲಿ ಕೊಡು ಎನ್ನುತ್ತಾಳೆ ತಾಯಿ. ಜೀವಹತ್ಯೆಗೆ ಅವನು ಒಲ್ಲೆನೆನ್ನಲು ರಾಜಿಯಾಗುತ್ತದೆ: ಹಿಟ್ಟಿನ ಹುಂಜ. ಅದರ ಚೆಲುವಿಗೆ ಮರುಳಾದ ಬೆಂತರವೊಂದು ಒಳಹೊಕ್ಕಿದೆ. ಕತ್ತಿ ಬಿದ್ದೊಡನೆ ಹಿಟ್ಟು ಕೂಗುತ್ತದೆ.

ಈ ಕೂಗನ್ನು ನಾವು ತರಗತಿಗಳಲ್ಲಿ ‘ಸಂಕಲ್ಪ ಹಿಂಸೆ’ ಎಂಬ ಎರಡು ಮಾತುಗಳಲ್ಲಿ ಮುಗಿಸಿಬಿಡುತ್ತೇವೆ. ಜೈನ ತತ್ತ್ವದ ದೃಷ್ಟಿಯಿಂದ ಅದು ಸರಿಯೇ. ಆದರೆ ಕವಿಯ ಸಾಧನೆ ತತ್ತ್ವಕ್ಕಿಂತ ಮುಂದೆ ಹೋಗಿದೆ. ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಿ ಕಡೆಗೆ ಕೋಳಿಗಳಾಗಿ ಹುಟ್ಟುತ್ತಾರೆ. ಧರ್ಮವನ್ನು ಕೇಳಿದ ಸಂತೋಷಕ್ಕೆ ಕೂಗುತ್ತಾರೆ. ಆ ಸದ್ದಿಗೆ ಗುರಿಯಿಟ್ಟ ಬಾಣ ಬಂದು ನಾಟುತ್ತದೆ. ಬಿಟ್ಟವನು ಯಶೋಧರನ ಮಗನೇ. ಕೊಂದವನನ್ನು ಕೊಲ್ಲಿಸಿಕೊಂಡ ಹಕ್ಕಿಯ ಮೈಯೊಳಗೆ ಇರಿಸಿ ಲೋಕವನ್ನು ನೋಡಿಸಿದ್ದಾನೆ ಜನ್ನ. ಇದೇ ಕಥೆಯನ್ನು ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕದಲ್ಲಿ ದಾಂಪತ್ಯದ ಬಿಕ್ಕಟ್ಟಾಗಿ ತಿರುಗಿಸಿದರು.

ಜನ್ನನಿಗಿಂತ ಹಿಂದೆಯೇ ಬಸವಣ್ಣನವರು ಈ ನೋಟವನ್ನು ಇನ್ನೂ ಕಿರಿದಾಗಿ ಹಿಡಿದಿದ್ದರು. ನಮ್ಮ ಇಳಕಲ್ಲಿಗೆ ಸಮೀಪದ ಕೂಡಲಸಂಗಮದ ದೇವರ ಅಂಕಿತವಿರುವ ಆ ವಚನದಲ್ಲಿ, ಹಬ್ಬಕ್ಕೆಂದು ತಂದ ಕುರಿ ತೋರಣದ ತಳಿರನ್ನೇ ಮೇಯುತ್ತದೆ. ಸಾವಿನ ಅಲಂಕಾರ ಅದಕ್ಕೆ ಹಸಿವಿನ ತುತ್ತು. ಕರುಣೆಯನ್ನು ಬೇಡದೆ ಕರುಣೆ ಹುಟ್ಟಿಸುವ ಮಾತು ಇದು.

ಈಗ ಟರ್ಕಿಯ ಕಡೆಗೆ ಮರಳೋಣ. ಆ ಹಕ್ಕಿಗೆ ಇಂಗ್ಲಿಷಿನಲ್ಲಿ ಸಾಹಿತ್ಯಪಟ್ಟ ಕಟ್ಟಿದ ಕೃತಿಗಳಲ್ಲಿ ಮುಖ್ಯವಾದುದು 1843ರ ಡಿಕನ್ಸನ ‘ಎ ಕ್ರಿಸ್ಮಸ್ ಕ್ಯಾರಲ್’. ಜಿಪುಣ ಸ್ಕ್ರೂಜ್ ಕ್ರಿಸ್ಮಸ್ ಬೆಳಗ್ಗೆ ಮನಸ್ಸು ತಿರುಗಿ, ಅಂಗಡಿಯಲ್ಲಿ ತೂಗುಹಾಕಿದ್ದ ಅತಿ ದೊಡ್ಡ ಟರ್ಕಿಯನ್ನು ತನ್ನ ಬಡ ಗುಮಾಸ್ತನ ಮನೆಗೆ ಹೆಸರು ಹೇಳದೆ ಕಳುಹಿಸುತ್ತಾನೆ. ಆ ಹಕ್ಕಿ ಕಥೆಯೊಳಕ್ಕೆ ಬರುವುದೇ ಸತ್ತು. ಅದರ ಕೂಗನ್ನು ಯಾರೂ ಕೇಳುವುದಿಲ್ಲ. ಜನ್ನನನ್ನು ಓದಿದವರಿಗೆ ಇದು ಕೊರತೆಯಾಗಿ ಕಾಣಬಹುದು.

ಆದರೆ ತೀರ್ಪು ಅಷ್ಟು ಸುಲಭವಲ್ಲ. ಡಿಕನ್ಸ್ ಕೇಳುವ ಪ್ರಶ್ನೆ ಬೇರೆ: ಹಬ್ಬದ ದಿನ ಯಾರ ಮನೆಯಲ್ಲಿ ಒಲೆ ಉರಿಯುತ್ತದೆ, ಯಾರ ಮಗು ಅರೆಹೊಟ್ಟೆಯಲ್ಲಿದೆ? ಅರಮನೆಯ ಕಥೆ ಹೇಳುವ ಜನ್ನನಿಗೆ ಈ ಪ್ರಶ್ನೆ ಎದುರಾಗಲಿಲ್ಲ. ಹಿಂಸೆಯ ವಿಷಯದಲ್ಲಿ ಅಷ್ಟು ಸೂಕ್ಷ್ಮವಾದ ನಮ್ಮ ವಿಮರ್ಶೆ ಹಸಿವಿನ ವಿಷಯದಲ್ಲಿ ಬಹುಕಾಲ ಮೌನವಾಗಿದ್ದಿತು. ವರ್ಷಕ್ಕೆರಡು ಸಲ ಕೋಳಿಯ ಸಾರು ಕಾಣುವ ಮನೆಯ ವಿದ್ಯಾರ್ಥಿ ಮುಂದೆ ಕುಳಿತಿರುವಾಗ ಹಿಂಸೆಯ ಪಾಠ ಮಾತ್ರ ಹೇಳಿ ಹೊರಬರುವುದು ಅರ್ಧ ಪಾಠ.

ಇನ್ನರ್ಧ ದೇವನೂರ ಮಹಾದೇವರ ‘ಒಡಲಾಳ’ದಲ್ಲಿದೆ. ಸಾಕವ್ವ ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತಾಳೆ. ಅವಳಿಗೆ ಆ ಹುಂಜ ಬಲಿಯ ಸಂಕೇತವೂ ಅಲ್ಲ, ದಾನದ ಸರಕೂ ಅಲ್ಲ. ಕೈಯಾರೆ ಸಾಕಿದ ಜೀವ, ಮನೆಯ ಆಸ್ತಿ. ಅದೇ ಮನೆಯಲ್ಲಿ ರಾತ್ರಿ ಎಲ್ಲರೂ ಸುತ್ತ ಕೂತು ಸಾಹುಕಾರನ ಕಡಲೆಕಾಯಿ ತಿನ್ನುವ ಸನ್ನಿವೇಶವಿದೆ; ಕನ್ನಡದಲ್ಲಿ ಹಬ್ಬವೆಂಬ ಮಾತಿಗೆ ಅದಕ್ಕಿಂತ ನಿಜವಾದ ವ್ಯಾಖ್ಯಾನವನ್ನು ನಾನು ಕಂಡಿಲ್ಲ. ಹಕ್ಕಿಯ ಮೇಲಿನ ಅಕ್ಕರೆ, ಹೊಟ್ಟೆಯ ಹಸಿವು ಎರಡೂ ಒಂದೇ ಸೂರಿನಡಿ ಜಗಳವಿಲ್ಲದೆ ಕುಳಿತಿವೆ.

ಇಂದಿನ ಸ್ಥಿತಿಯಲ್ಲಿ ಈ ಓದು ಇನ್ನೂ ಅಗತ್ಯ. ಪಶ್ಚಿಮದ ಟರ್ಕಿಯನ್ನು ಎದೆಮಾಂಸಕ್ಕಾಗಿ ಎಷ್ಟು ಬೆಳೆಸಿದ್ದಾರೆಂದರೆ ಅದು ತಾನಾಗಿ ಸಂಸಾರ ಮಾಡಲಾರದು. ಮನುಷ್ಯರೇ ಕೃತಕವಾಗಿ ಗರ್ಭ ಕಟ್ಟಿಸಬೇಕು. ನಮ್ಮ ಬ್ರಾಯ್ಲರ್ ಕೋಳಿ ಸುಮಾರು ಆರು ವಾರಕ್ಕೇ, ಹುಂಜದ ಕೂಗು ಬಲಿಯುವ ಮೊದಲೇ ತಕ್ಕಡಿಗೆ ಬರುತ್ತದೆ. ಬಡವನ ತಟ್ಟೆಗೆ ಮಾಂಸ ಬಂದುದು ಇದರಿಂದಲೇ ಎಂಬುದನ್ನು ಅಲ್ಲಗಳೆಯಲಾಗದು. ಸಾಕಿದ ಕೈಗೂ ಉಣ್ಣುವ ಕೈಗೂ ನಂಟು ಹರಿದುದೂ ಇದರಿಂದಲೇ. ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನ ಸೂಚನೆ ಇಷ್ಟೆ: ‘ಯಶೋಧರ ಚರಿತೆ’ಯನ್ನು ಪಾಠ ಹೇಳುವ ವರ್ಷ ‘ಒಡಲಾಳ’ವನ್ನೂ ಜೊತೆಗಿಟ್ಟು ಓದಿಸಿರಿ. ಹಿಟ್ಟಿನ ಹುಂಜ ಕೂಗಿದ್ದೇಕೆಂದು ಸಾಕವ್ವನ ಅಂಗಳದಲ್ಲಿ ನಿಂತು ಕೇಳಿದರೆ ವಿದ್ಯಾರ್ಥಿಗಳು ಬೇರೆಯ ಉತ್ತರವನ್ನೇ ಬರೆದಾರು.